ಸ್ಪರ್ಶಲಿಂಗದ ಹೊನ್ನೂ ಆಟದ ದೇವತೆಗಳೂ

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡುತ್ತದೆ. ಸಂಗಮದ ದಂಡೆಯ ಮೇಲಿರುವ ಗಳಗೇಶ್ವರನ ಗುಡಿಯು ಕಲ್ಯಾಣದ ಚಾಲುಕ್ಯರ ಕಾಲದ್ದು. 11ನೆಯ ಶತಮಾನದಲ್ಲಿ ಕಟ್ಟಿದುದು. ಬಂದವರ ಕಣ್ಣು ಶಿಖರಕ್ಕೆ ಹೋಗುವ ಮೊದಲೇ ಗರ್ಭಗುಡಿಯ ಬುಡದ ಮೇಲೆ ನಿಂತುಬಿಡುತ್ತದೆ. ಅಲ್ಲಿ ಗೋಡೆಯು ನೆಲದಿಂದ ನೆಟ್ಟಗೆ ಎದ್ದಿಲ್ಲ. ಭಾರಿ ಕಲ್ಲುಗಳು ಮೆಟ್ಟಿಲು ಮೆಟ್ಟಿಲಾಗಿ, ಕೆಳಗೆ ಅಗಲವಾಗಿ, ಮೇಲೇರಿದಂತೆ ಕಿರಿದಾಗುತ್ತ ಸಾಗಿವೆ. ಚಾಲುಕ್ಯರ ಗುಡಿಗಳನ್ನು ಎಷ್ಟೋ ಕಂಡವರಿಗೂ ಈ ಬುಡ ಹೊಸದೆನಿಸುತ್ತದೆ. ಒಳಗಿನ ಲಿಂಗಕ್ಕೆ ಸ್ಪರ್ಶಲಿಂಗವೆಂದು ಹೆಸರು. ಚಿನ್ನವಿರುವ ವಸ್ತುವನ್ನು ಅದು ತನ್ನತ್ತ ಸೆಳೆಯುವುದೆಂದು ಪ್ರತೀತಿ.

ಇಂಥ ಬುಡ, ಇಂಥ ಹೆಸರು. ಊಹೆಗೆ ಇನ್ನೇನು ಬೇಕು?

ಹೆಸರಿನ ವಿಚಾರವನ್ನೇ ಮೊದಲು ನೋಡಬಹುದು. ಕಬ್ಬಿಣವನ್ನು ಹೊನ್ನಾಗಿಸುವ ಕಲ್ಲಿಗೆ ಸಂಸ್ಕೃತದಲ್ಲಿ ಸ್ಪರ್ಶಮಣಿಯೆಂದು ಹೆಸರು. ಅದೇ ‘ಸ್ಪರ್ಶ’ವು ಕನ್ನಡದ ಬಾಯಲ್ಲಿ ‘ಪರುಸ’ವಾಯಿತು. ಪರುಸವೆಂದೊಡನೆ ಹೊನ್ನು ನೆನಪಾಗದ ಕನ್ನಡಿಗನಿಲ್ಲ. ಹೀಗಿರುವಾಗ ಸ್ಪರ್ಶಲಿಂಗವೆಂಬ ಹೆಸರಿನ ಸುತ್ತ ಚಿನ್ನದ ಕಥೆ ಹುಟ್ಟಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಥೆಯಿಂದ ಹೆಸರು ಬಂದಿತೋ, ಹೆಸರಿನಿಂದ ಕಥೆ ಬೆಳೆಯಿತೋ? ಎರಡನೆಯದೇ ಹೆಚ್ಚು ಸಂಭವನೀಯವೆಂದು ಭಾಷೆಯನ್ನು ಬಲ್ಲವನಿಗೆ ತೋರುತ್ತದೆ.

ಮೆಟ್ಟಿಲುಬುಡಕ್ಕೆ ಸರಳವಾದ ವಿವರಣೆಯೊಂದುಂಟು. ನದಿಯ ಅಂಚಿನ ನೆಲ. ಮೇಲೆ ಕಲ್ಲಿನ ಶಿಖರದ ಹೊರೆ. ಗೋಡೆ ಜಾರದಂತೆ ಆಸರೆ ಬೇಕು. ಆದರೆ ‘ಪಿರಮಿಡ್ಡು’ ಎಂಬ ಹೋಲಿಕೆಯ ಮಾತು ಒಮ್ಮೆ ಕಿವಿಗೆ ಬಿದ್ದರೆ ಆಸರೆಯ ಮಾತು ಯಾರಿಗೆ ರುಚಿಸೀತು? ಮನಸ್ಸು ನೇರವಾಗಿ ಈಜಿಪ್ಟಿಗೆ ಹಾರುತ್ತದೆ. ರಾಜರು, ಗುಪ್ತದ್ವಾರಗಳು, ಹೂತಿಟ್ಟ ಭಂಡಾರಗಳು! ಇನ್ನೊಂದು ತೊಡಕೂ ಇದೆ. ಗಳಗನಾಥನೆಂಬ ಹೆಸರಿನ ಗುಡಿಗಳು ಪಟ್ಟದಕಲ್ಲಿನಲ್ಲಿಯೂ ಐಹೊಳೆಯಲ್ಲಿಯೂ ಇವೆ. ಒಂದು ಗುಡಿಯ ಚಿತ್ರಕ್ಕೆ ಇನ್ನೊಂದರ ಕಥೆ ಅಂಟಿಕೊಳ್ಳಲು ಹೊತ್ತೇನೂ ಬೇಕಿಲ್ಲ.

ಈ ಬಗೆಯ ಊಹೆಯನ್ನೇ ಮುಖ್ಯ ಆನಂದವಾಗಿ ಮಾಡಿಕೊಂಡ ಬಳಗವೊಂದು ಇಂದು ಮನೆಮನೆಗಳಲ್ಲಿ ಬೆಳೆಯುತ್ತಿದೆ. ಮಕ್ಕಳು ರಾತ್ರಿಯೆಲ್ಲ ಪರದೆಯ ಮುಂದೆ ಕುಳಿತು ಆಡುವ ವಿಡಿಯೊ ಗೇಮ್‌ಗಳನ್ನು ತಾಯಿತಂದೆಗಳು ಬರಿಯ ಕತ್ತಿವರಸೆಯೆಂದು ತಿಳಿದಿರುವುದುಂಟು. ಎಲ್ಲವೂ ಹಾಗಲ್ಲ. 2022ರಲ್ಲಿ ಜಪಾನಿನಲ್ಲಿ ಸಿದ್ಧವಾಗಿ ಬಂದ ‘ಎಲ್ಡನ್ ರಿಂಗ್’ ಎಂಬ ಆಟವನ್ನು ತೆಗೆದುಕೊಳ್ಳಬಹುದು. ಅದರ ಹಿನ್ನೆಲೆಯ ಪುರಾಣವನ್ನು ಬರೆದವರು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್, ಆಟವನ್ನು ರೂಪಿಸಿದವರು ಹಿದೆತಾಕಾ ಮಿಯಾಝಾಕಿ. ಆ ಲೋಕದಲ್ಲಿ ದೇವತೆಗಳಿದ್ದಾರೆ, ದೇವಸಂತಾನದ ಕಲಹವಿದೆ, ಮುರಿದುಬಿದ್ದ ಗುಡಿಗಳಿವೆ. ಆದರೆ ಪುರಾಣವನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಹೇಳುವುದಿಲ್ಲ. ಒಂದು ಕತ್ತಿ ದೊರೆತರೆ ಅದರ ವಿವರದಲ್ಲಿ ಎರಡು ಸಾಲು. ಒಂದು ಉಂಗುರ ದೊರೆತರೆ ಇನ್ನೆರಡು ಸಾಲು. ಆಡುವವನು ಅವನ್ನೆಲ್ಲ ಕೂಡಿಸಿ, ಒಡೆದ ಶಾಸನವನ್ನು ಓದುವವನಂತೆ, ವಂಶವೃಕ್ಷವನ್ನು ಕಟ್ಟಿಕೊಳ್ಳಬೇಕು.

ಅಲ್ಲಿನ ಮಾರಿಕಾ ಎಂಬ ದೇವಿಯೂ ಆಕೆಯ ಪತಿ ರಡಗಾನನೂ ಒಬ್ಬರೇ ಎಂಬುದು ಆಟದೊಳಗಿನ ದೊಡ್ಡ ಗುಟ್ಟು. ಗುಟ್ಟು ಬಯಲಾದ ಬಳಿಕವೂ, ಒಬ್ಬರು ಹೇಗೆ ಇಬ್ಬರಾದರು, ಯಾವಾಗ ಆದರು ಎಂಬ ವಾದ ಅಭಿಮಾನಿಗಳಲ್ಲಿ ನಿಂತಿಲ್ಲ. ಅರ್ಧನಾರೀಶ್ವರನನ್ನು ಗುಡಿಯ ಗೋಡೆಯಲ್ಲಿ ಕಂಡು ಬೆಳೆದ ಕನ್ನಡದ ಹುಡುಗನಿಗೆ ಇದು ಅಷ್ಟೇನೂ ಕಠಿಣವಾದ ಒಗಟಲ್ಲವೆನ್ನಬೇಕು. ಕಣ್ಣಲ್ಲಿ ಮುಸ್ಸಂಜೆಯನ್ನು ಹೊತ್ತ ರಾಣಿಯೊಬ್ಬಳ ಪ್ರಸ್ತಾಪವೂ ಅಲ್ಲಲ್ಲಿ ಬರುತ್ತದೆ. ಅವಳು ಎದುರಿಗೆ ಬರುವುದೇ ಇಲ್ಲ. 2024ರಲ್ಲಿ ಆಟಕ್ಕೆ ದೊಡ್ಡ ಉತ್ತರಭಾಗವೊಂದು ಸೇರಿತು. ಅವಳು ಯಾರೆಂಬುದು ಆಗಲೂ ತೀರ್ಮಾನವಾಗಲಿಲ್ಲ.

ಈ ಮೌನ ಬೇಕೆಂದೇ ಇಟ್ಟುದು. ಮಿಯಾಝಾಕಿಯವರು ಬಡ ಮನೆಯ ಹುಡುಗ. ಬಾಲ್ಯದಲ್ಲಿ ತಮಗೆ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತ, ತಿಳಿಯದ ಭಾಗಗಳನ್ನು ಸ್ವಂತ ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದುದಾಗಿ ಅವರೇ ಹೇಳಿದ್ದಾರೆ. ಆ ಸುಖವನ್ನೇ ಆಟಗಾರನಿಗೂ ಹಂಚುತ್ತಿದ್ದಾರೆ.

ಆಟದಲ್ಲಿ ದೇವರನ್ನು ಕೂರಿಸುವುದು ನಮಗೆ ಹೊಸದೇನೂ ಅಲ್ಲ. ದಶಾವತಾರದ ಗಂಜೀಫದಲ್ಲಿ ಅವತಾರಕ್ಕೆ 12ರಂತೆ 120 ದುಂಡನೆಯ ಎಲೆಗಳು. ಹಗಲಿನ ಆಟ ರಾಮನಿಂದ, ಇರುಳಿನದು ಕೃಷ್ಣನಿಂದ ಆರಂಭ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 360 ಎಲೆಗಳವರೆಗೆ ಬೆಳೆಯುವ ಆಟಗಳನ್ನೇ ಕಲ್ಪಿಸಿದರು. ಅವು ಅರಮನೆಯ ಹೊರಗೆ ಹೆಚ್ಚು ಹಬ್ಬಿದಂತೆ ಕಾಣದು.

ಗಳಗನಾಥವೂ ಕಲ್ಪನೆಗೆ ಹೊರಗಿನದಲ್ಲ. ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942) ಈ ಊರಿನ ಹೆಸರನ್ನೇ ಕಾವ್ಯನಾಮವಾಗಿ ಧರಿಸಿ, ಐತಿಹಾಸಿಕ ಕಾದಂಬರಿಗಳಿಂದ ಕನ್ನಡದ ಮನೆಗಳಲ್ಲಿ ಓದುವ ಹವ್ಯಾಸವನ್ನು ಬೆಳೆಸಿದರು. ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. ಅವರ ‘ಮಾಧವ ಕರುಣಾ ವಿಲಾಸ’ಕ್ಕೆ ವಿಜಯನಗರದ ಸ್ಥಾಪನೆಯ ಕಾಲವೇ ವಸ್ತು. ವಿದ್ಯಾರಣ್ಯರ ಸುತ್ತಲೂ ಹೊನ್ನಿನ ಮಳೆಯ ಐತಿಹ್ಯವಿದೆಯಷ್ಟೆ. ಆದರೆ ಗಳಗನಾಥರು ತಮ್ಮ ಬರೆಹವನ್ನು ಕಾದಂಬರಿಯೆಂದೇ ಕರೆದು ಓದುಗನ ಕೈಗಿತ್ತರು. ಅದನ್ನು ಓದಿ ಮುಗಿಸಿದವನು ಗುದ್ದಲಿಯನ್ನು ಹುಡುಕಿಕೊಂಡು ಹೊರಡಬೇಕಾಗಿರಲಿಲ್ಲ.

ಕಲ್ಲಿನ ಗುಡಿಗೆ ಅಂಥ ರಟ್ಟಿನ ಹೊದಿಕೆಯಿಲ್ಲ. ತೊಡಕು ಇರುವುದು ಇಲ್ಲಿಯೇ. ಆಟದ ಗುಡಿಯನ್ನು ಎಷ್ಟು ಸಲ ಒಡೆದರೂ ಮತ್ತೆ ಮೊದಲಿನಿಂದ ಆರಂಭಿಸಬಹುದು. ಊಹೆ ತಪ್ಪಿದರೆ ನಗೆಪಾಟಲು, ಅಷ್ಟೆ. ಸ್ಪರ್ಶಲಿಂಗದ ಹೊನ್ನಿನ ಕಥೆಯಾದರೋ ನಿಜವಾದ ಲಿಂಗದ ಮೇಲೆ ನಿಂತಿದೆ. ಅಂಥ ಕಥೆಗಳನ್ನು ನಂಬಿದ ನಿಧಿಗಳ್ಳರು ಕನ್ನಡ ನಾಡಿನ ಪಾಳುಗುಡಿಗಳಲ್ಲಿ ಲಿಂಗಗಳನ್ನು ಕಿತ್ತು ಪೀಠಗಳ ಕೆಳಗೆ ಅಗೆದ ಗುಂಡಿಗಳು ಒಂದೆರಡಲ್ಲ. ಗಳಗೇಶ್ವರನ ಗುಡಿಯೇನೋ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ, ನಿತ್ಯವೂ ಜನರ ಕಣ್ಣಿನಲ್ಲಿದೆ. ಎಲ್ಲ ಗುಡಿಗಳಿಗೂ ಆ ಭಾಗ್ಯವಿಲ್ಲ.

ಗಳಗನಾಥವನ್ನು ದಾಟಿದ ತುಂಗಭದ್ರೆಯು ಬಹುದೂರ ಹರಿದು, ಆನೆಗೊಂದಿಯ ಬಳಿ ನಡುಗಡ್ಡೆಯೊಂದನ್ನು ಬಳಸುತ್ತದೆ. ಅದೇ ನವವೃಂದಾವನ. ಒಂಬತ್ತು ಯತಿಗಳ ವೃಂದಾವನಗಳಲ್ಲಿ ವ್ಯಾಸರಾಯರದೂ ಒಂದು. ಕೃಷ್ಣದೇವರಾಯನ ಆದರಕ್ಕೆ ಪಾತ್ರರಾಗಿದ್ದ ಆ ಯತಿಗಳು 1539ರಲ್ಲಿ ವೃಂದಾವನಸ್ಥರಾದರು. 2019ರ ಜುಲೈ ತಿಂಗಳಿನ ಒಂದು ರಾತ್ರಿ ಯಾರೋ ಅದನ್ನು ಒಡೆದುಹಾಕಿದರು. ಬೆಳಗಾದಾಗ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಕೆಲವೇ ದಿನಗಳಲ್ಲಿ ಪೊಲೀಸರು ಹಿಡಿದವರು ನಿಧಿಯ ಆಸೆಯಿಂದ ಬಂದವರು. ಅಷ್ಟರಲ್ಲಿ ಭಕ್ತರು ನಡುಗಡ್ಡೆಗೆ ದೌಡಾಯಿಸಿ, ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಆಯ್ದು, ವೃಂದಾವನವನ್ನು ಮತ್ತೆ ಎತ್ತಿ ನಿಲ್ಲಿಸಿದ್ದರು.