ಕಡಲ ನಡುವಣ ಪೈಪೋಟಿ

ಶಾಂತಸಾಗರದ ಸಾಲೊಮನ್ ದ್ವೀಪಗಳು 2019ರಲ್ಲಿ ತೈವಾನಿನ ಸಖ್ಯವನ್ನು ತೊರೆದು ಚೀನದ ಕೈಹಿಡಿದವು. ಕೆಲವೇ ದಿನಗಳಲ್ಲಿ ಕಿರಿಬಾಟಿಯೂ, 2024ರಲ್ಲಿ ನೌರುವೂ ಅದೇ ಹಾದಿಯನ್ನು ತುಳಿದವು. ಸಾಲೊಮನ್ ಸರಕಾರ 2022ರಲ್ಲಿ ಚೀನದೊಡನೆ ಭದ್ರತಾ ಒಪ್ಪಂದವನ್ನೂ ಮಾಡಿಕೊಂಡಿತು. ಮರುವರ್ಷದ ಪೆಸಿಫಿಕ್ ಕ್ರೀಡಾಕೂಟಕ್ಕೆಂದು ರಾಜಧಾನಿ ಹೊನಿಯಾರದಲ್ಲಿ ಚೀನದ ನೆರವಿನಿಂದ ಕ್ರೀಡಾಂಗಣವೊಂದು ಎದ್ದುನಿಂತಿತು. ಎಚ್ಚೆತ್ತ ಅಮೆರಿಕ, ಅಲ್ಲಿ ಮೂವತ್ತು ವರ್ಷ ಮುಚ್ಚಿದ್ದ ತನ್ನ ರಾಯಭಾರ ಕಚೇರಿಯನ್ನು 2023ರಲ್ಲಿ ಮತ್ತೆ ತೆರೆಯಿತು.

ಬಲಿಷ್ಠರ ಈ ಪೈಪೋಟಿಯಿಂದ ದ್ವೀಪವಾಸಿಗಳಿಗೆ ಲಾಭವಿಲ್ಲದಿಲ್ಲ; ಬೇಡುವವರು ಇಬ್ಬರಾದಾಗ ಬಡವನ ಮಾತಿಗೂ ಬೆಲೆ ಬರುತ್ತದೆ. ಆದರೆ ಅವರ ಭಯವೇ ಬೇರೆ. ತಮ್ಮ ಜನರ ಬಾಳಿಗೆ ಹವಾಮಾನದ ವೈಪರೀತ್ಯವೇ ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ಈ ದ್ವೀಪಗಳ ನಾಯಕರು 2018ರ ಬೋಯೆ ಘೋಷಣೆಯಲ್ಲಿಯೇ ಸಾರಿದ್ದಾರೆ. ಏರುತ್ತಿರುವ ಕಡಲಿಗೆ ಅಡ್ಡನಿಲ್ಲುವವರು ಯಾರು? ಸ್ನೇಹದ ಒರೆಗಲ್ಲು ಅದೇ ಅಲ್ಲವೇ?