ಬ್ಯಾಟರಿಯಿಲ್ಲದ ಕ್ಯಾಮೆರಾ: ಕೊಳ್ಳುವ ಮುನ್ನ ಬೆಳಕಿನ ಲೆಕ್ಕ

ಗೋದಾಮಿನಲ್ಲಿಯೋ ಕಾರ್ಖಾನೆಯ ಮೀಟರಿನ ಮುಂದೆಯೋ ಕ್ಯಾಮೆರಾ ಅಳವಡಿಸುವ ಉದ್ಯಮಿಗೆ ಅದರ ಬೆಲೆಗಿಂತ ಹೆಚ್ಚು ತೊಂದರೆ ಕೊಡುವುದು ಎಳೆಯಬೇಕಾದ ತಂತಿ, ಇಲ್ಲವೇ ಏಣಿ ಹತ್ತಿ ಆಗಾಗ ಬದಲಾಯಿಸಬೇಕಾದ ಬ್ಯಾಟರಿ. ಚಿತ್ರ ಗ್ರಹಿಸುವ ಇಮೇಜ್ ಸೆನ್ಸರ್ ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಂಡರೆ ಈ ಖರ್ಚು ಉಳಿಯುತ್ತದೆ.

ಇದು ಅಸಾಧ್ಯದ ಮಾತಲ್ಲ. ಸೆನ್ಸರಿನ ಪ್ರತಿಯೊಂದು ಪಿಕ್ಸೆಲ್‌ನಲ್ಲಿರುವ ಫೋಟೋಡಯೋಡ್ ಮತ್ತು ಛಾವಣಿಯ ಮೇಲಿನ ಸೌರಕೋಶ ಮೂಲತಃ ಒಂದೇ ಜಾತಿಯವು. ಎರಡರಲ್ಲಿಯೂ ಬೆಳಕು ಬಿದ್ದೊಡನೆ ವಿದ್ಯುತ್ ಹುಟ್ಟುತ್ತದೆ. ಒಂದರಲ್ಲಿ ಅದನ್ನು ಅಳೆಯುತ್ತಾರೆ, ಇನ್ನೊಂದರಲ್ಲಿ ಬಳಸುತ್ತಾರೆ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಶ್ರೀ ಕೆ. ನಾಯರ್ (ಇಲ್ಲಿ 'ಶ್ರೀ' ಎಂಬುದು ಗೌರವಸೂಚಕವಲ್ಲ, ಅವರ ಹೆಸರೇ) ರಾಂಚಿಯ ಬಿರ್ಲಾ ತಾಂತ್ರಿಕ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು. ಅವರ ತಂಡ 2015ರಲ್ಲಿ ಈ ಎರಡು ಕೆಲಸಗಳನ್ನೂ ಒಂದೇ ಪಿಕ್ಸೆಲ್‌ನಿಂದ ಮಾಡಿಸಿತು. ಪಿಕ್ಸೆಲ್‌ಗಳು ಮೊದಲು ಚಿತ್ರವನ್ನು ದಾಖಲಿಸುತ್ತವೆ. ಅನಂತರ ಮುಂದಿನ ಚಿತ್ರದವರೆಗೆ ವಿದ್ಯುತ್ ಸಂಗ್ರಹಿಸಿ ಸೂಪರ್ ಕೆಪಾಸಿಟರಿಗೆ ತುಂಬುತ್ತವೆ. ಪೇಟೆಯಲ್ಲಿ ದೊರೆಯುವ ಬಿಡಿಭಾಗಗಳಿಂದಲೇ ಕಟ್ಟಿದ ಆ ಕ್ಯಾಮೆರಾ, ಚೆನ್ನಾಗಿ ಬೆಳಕಿರುವ ಕೋಣೆಯಲ್ಲಿ ಸೆಕೆಂಡಿಗೊಂದು ಚಿತ್ರವನ್ನು ನಿರಂತರವಾಗಿ ತೆಗೆಯಬಲ್ಲುದಾಗಿತ್ತು. ಆದರೆ ಅದರಲ್ಲಿದ್ದ ಪಿಕ್ಸೆಲ್‌ಗಳು 30×40, ಅಂದರೆ 1,200 ಮಾತ್ರ. ಇಂದಿನ ಸಾಧಾರಣ ಮೊಬೈಲಿನಲ್ಲಿಯೇ ಕೋಟಿಗಟ್ಟಲೆ ಇರುತ್ತವೆ.

2018ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ದಾರಿ ಹಿಡಿದರು. ಚಿತ್ರ ಗ್ರಹಿಸುವ ಪದರವನ್ನು ದಾಟಿ ಕೆಳಗಿಳಿಯುವ ಬೆಳಕನ್ನು ಹಿಡಿಯಲು ಅದರ ಅಡಿಯಲ್ಲಿಯೇ ಮತ್ತೊಂದು ಡಯೋಡನ್ನು ಇರಿಸಿದರು. ಹೀಗಾಗಿ ಎರಡೂ ಕಾರ್ಯಗಳು ಏಕಕಾಲಕ್ಕೆ ನಡೆದವು. ಪ್ರಖರ ಬಿಸಿಲಿನಲ್ಲಿ ಸೆಕೆಂಡಿಗೆ 15 ಚಿತ್ರಗಳು ದೊರೆತವು.

ವ್ಯಾಪಾರಿಯ ದೃಷ್ಟಿಯಿಂದ ಮುಖ್ಯವಾದ ಮಾತು 'ಪ್ರಖರ ಬಿಸಿಲು' ಎಂಬುದೇ. ನಡುಹಗಲ ಬಿಸಿಲಿನಲ್ಲಿ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಸುಮಾರು 100 ಮಿಲಿವ್ಯಾಟ್ ಬೆಳಕು ಬೀಳುತ್ತದೆ. ಉತ್ತಮ ಸೌರಕೋಶ ಅದರಿಂದ 20 ಮಿಲಿವ್ಯಾಟ್ ತೆಗೆಯಬಹುದು. ಕಚೇರಿಯ ದೀಪದಡಿ ಅದೇ ಜಾಗಕ್ಕೆ ಬೀಳುವ ಬೆಳಕು ಇದರ ಸಾವಿರದಲ್ಲೊಂದು ಪಾಲಿನ ಆಸುಪಾಸು. ಸೆನ್ಸರ್ ಬಿಲ್ಲೆಯಾದರೋ ಹಲವು ವೇಳೆ ಒಂದು ಚದರ ಸೆಂಟಿಮೀಟರಿಗಿಂತಲೂ ಚಿಕ್ಕದು. ಇತ್ತ, ತೆಗೆದ ಚಿತ್ರವನ್ನು ವೈ-ಫೈ ಮೂಲಕ ರವಾನಿಸುವಾಗ ನೂರಾರು ಮಿಲಿವ್ಯಾಟ್ ಬೇಕು. ಚಿತ್ರ ತೆಗೆಯುವುದು ಅಗ್ಗ, ಕಳುಹಿಸುವುದೇ ದುಬಾರಿ.

ಆದ್ದರಿಂದ ಕಳ್ಳಕಾಕರನ್ನು ಹಗಲಿರುಳು ಕಾಯುವ ಕ್ಯಾಮೆರಾವನ್ನು ಈ ತಂತ್ರದಿಂದ ನಿರೀಕ್ಷಿಸುವುದು ವ್ಯರ್ಥ. ಗಂಟೆಗೊಮ್ಮೆ ಮೀಟರಿನ ಅಂಕಿಯನ್ನು ಓದಿ, ಇಡೀ ಚಿತ್ರದ ಬದಲು ಆ ಅಂಕಿಯನ್ನಷ್ಟೇ ಕಳುಹಿಸುವಂಥ ಕೆಲಸಕ್ಕೆ ಇದು ಒಗ್ಗುತ್ತದೆ. 'ಬ್ಯಾಟರಿ ಬೇಡ' ಎಂದು ಯಾರಾದರೂ ಸರಕು ಮಾರಲು ಬಂದರೆ, ಎಷ್ಟು ಲಕ್ಸ್ ಬೆಳಕಿನಲ್ಲಿ ಎಷ್ಟು ಚಿತ್ರ, ರವಾನೆಯ ಖರ್ಚೂ ಆ ಲೆಕ್ಕದಲ್ಲಿದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ರಾತ್ರಿ ದೀಪ ಆರಿಸುವ ಗೋದಾಮಾದರೆ, ಬೆಳಗಿನವರೆಗೆ ಕೆಪಾಸಿಟರ್ ಎಷ್ಟು ಹೊತ್ತು ತಾಳುತ್ತದೆಂಬುದನ್ನೂ ವಿಚಾರಿಸಬೇಕು.