ಕ್ಯಾನ್ಸರಿನ ಜಾಡು ಹಿಡಿಯುವ ಮೂಗುಗಳು

1989ರಲ್ಲಿ ಲಂಡನ್ನಿನ ಇಬ್ಬರು ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಮಹಿಳೆಯೊಬ್ಬರ ಸಾಕುನಾಯಿ ಅವರ ಕಾಲಿನ ಒಂದು ಮಚ್ಚೆಯನ್ನು ಪ್ಯಾಂಟಿನ ಮೇಲಿಂದಲೂ ಬಿಡದೆ ಮೂಸುತ್ತಿತ್ತು. ಅವರು ಚಡ್ಡಿ ತೊಟ್ಟಾಗ ಮಚ್ಚೆಯನ್ನು ಕಚ್ಚಿ ಕೀಳಲೂ ನೋಡಿತು. ಉಳಿದ ಮಚ್ಚೆಗಳ ತಂಟೆಗೆ ಅದು ಹೋಗಲಿಲ್ಲ. ತಪಾಸಣೆ ಮಾಡಿಸಿದರೆ ಆ ಮಚ್ಚೆ ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರ್!

ನಾಯಿಯ ಮೂಗಿಗೆ ಬಡಿದದ್ದಾದರೂ ಏನು? ಕ್ಯಾನ್ಸರ್ ಕೋಶಗಳು ಎಗ್ಗಿಲ್ಲದೆ ಬೆಳೆಯುವಾಗ ಅವುಗಳ ಚಯಾಪಚಯ ಹದ ತಪ್ಪುತ್ತದೆ. ಕೋಶಪೊರೆಯ ಕೊಬ್ಬು ಆಕ್ಸಿಜನ್ನಿನ ಹೊಡೆತಕ್ಕೆ ಒಡೆದು ಹೆಕ್ಸನಾಲ್, ನೊನನಾಲ್‌ನಂಥ ಆಲ್ಡಿಹೈಡುಗಳೂ ಪೆಂಟೇನಿನಂಥ ಹೈಡ್ರೋಕಾರ್ಬನ್‌ಗಳೂ ಹುಟ್ಟುತ್ತವೆ. ಬೇಗ ಆವಿಯಾಗುವ ಈ ಅಣುಗಳು ರಕ್ತಕ್ಕಿಳಿದು ಉಸಿರು, ಬೆವರು, ಮೂತ್ರದಲ್ಲಿ ಹೊರಬೀಳುತ್ತವೆ. ಪ್ರಮಾಣ ಮಾತ್ರ ತೀರಾ ಕಡಿಮೆ: ಉಸಿರಿನ ನೂರು ಕೋಟಿ ಅಣುಗಳಲ್ಲಿ ಕೆಲವೇ ಕೆಲವು.

2004ರಲ್ಲಿ ಇಂಗ್ಲೆಂಡಿನ ಸಂಶೋಧಕರು ನಾಯಿಗಳ ಈ ಮೂಸುವ ಶಕ್ತಿಯನ್ನು ಪರೀಕ್ಷೆಗೊಡ್ಡಿದರು. ಏಳು ಮೂತ್ರದ ಮಾದರಿಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ಇದ್ದವರದ್ದು ಒಂದೇ. ಕಣ್ಣುಮುಚ್ಚಿ ಆರಿಸಿದರೆ ಸರಿಯಾಗುವ ಸಾಧ್ಯತೆ ಶೇ. 14, ಆರು ನಾಯಿಗಳ ಒಟ್ಟು ಯಶಸ್ಸು ಶೇ. 41. ತರಬೇತಿಯ ವೇಳೆ ಇನ್ನೊಂದು ಸೋಜಿಗ ನಡೆಯಿತು. ಕ್ಯಾನ್ಸರ್ ಇಲ್ಲವೆಂದು ಇಟ್ಟಿದ್ದ ಒಂದು ಮಾದರಿಯನ್ನೇ ನಾಯಿಗಳು ಮತ್ತೆ ಮತ್ತೆ ಆರಿಸಿದವು. ಆ ವ್ಯಕ್ತಿಯನ್ನು ಮತ್ತೆ ಪರೀಕ್ಷಿಸಿದಾಗ ಮೂತ್ರಪಿಂಡದಲ್ಲಿ ಗಡ್ಡೆ ಸಿಕ್ಕಿತು.

2015ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದವರು ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಹುಳುವಿನ ಮೊರೆ ಹೋದರು. ಅದು ಕ್ಯಾನ್ಸರ್ ರೋಗಿಗಳ ಮೂತ್ರದತ್ತ ಹರಿದು, ಆರೋಗ್ಯವಂತರ ಮೂತ್ರದಿಂದ ದೂರ ಸರಿಯಿತು. 242 ಮಾದರಿಗಳಲ್ಲಿ ಸುಮಾರು ಶೇ. 95ರಷ್ಟು ನಿಖರತೆ ಕಂಡಿತೆಂದು ಅವರು ವರದಿ ಮಾಡಿದರು.

ಶೇ. 95 ಎಂದೊಡನೆ ಹಿಗ್ಗುವ ಮುನ್ನ ಒಂದು ಲೆಕ್ಕ ಹಾಕೋಣ. ಸಾವಿರ ಜನರಲ್ಲಿ ಐವರಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಇಂಥ ಪರೀಕ್ಷೆ ಆ ಐವರನ್ನೂ ಹಿಡಿದೀತು. ಆದರೆ ಉಳಿದ 995 ಮಂದಿಯಲ್ಲಿ ಶೇ. 5, ಅಂದರೆ ಸುಮಾರು 50 ಮಂದಿ ಆರೋಗ್ಯವಂತರ ಮೇಲೂ ಸುಮ್ಮನೆ ಗುಮಾನಿ ಬರುತ್ತದೆ.

ಇಷ್ಟು ಸಾಲದೆಂಬಂತೆ, ತಿಂದ ಬೆಳ್ಳುಳ್ಳಿ, ಸೇದಿದ ಬೀಡಿ, ನುಂಗಿದ ಮಾತ್ರೆ ಎಲ್ಲವೂ ಮೈವಾಸನೆಯನ್ನು ಬದಲಿಸುತ್ತವೆ. ರೋಗಿಗಳ ಮಾದರಿಗಳೆಲ್ಲ ಒಂದೇ ವಾರ್ಡಿನಿಂದ ಬಂದರೆ, ನಾಯಿ ಕ್ಯಾನ್ಸರಿನ ಬದಲು ಆ ವಾರ್ಡಿನ ಫಿನಾಯಿಲ್ ವಾಸನೆಯನ್ನೇ ಕಲಿತುಬಿಡಬಹುದು. ನಾಯಿಗೆ ದಣಿವೂ ಉಂಟು, ಬೇಸರವೂ ಉಂಟು.

ಹಾಗಾಗಿ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರಗಳಲ್ಲಿ ಈ ಅಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸುವ, ಎಲೆಕ್ಟ್ರಾನಿಕ್ ಮೂಗುಗಳನ್ನು ಪಳಗಿಸುವ ಕೆಲಸ ಸಾಗಿದೆ. ಒಂದು ಆಸ್ಪತ್ರೆಯಲ್ಲಿ ಸಿಕ್ಕ ವಾಸನೆಯ ಗುರುತು ಬೇರೆ ಊರಿನ, ಬೇರೆ ಊಟದ ಜನರಲ್ಲೂ ಸಿಗಬೇಕು. ಆಗಷ್ಟೇ ಅದು ವೈದ್ಯರ ಕೈಗೆ ಬಂದೀತು. ಆಗಲೂ ಸ್ಕ್ಯಾನಿಂಗಿಗೆ ಮೊದಲು ಯಾರನ್ನು ಕಳಿಸಬೇಕೆಂದು ತಿಳಿಸುವುದಷ್ಟೇ ವಾಸನೆಯ ಕೆಲಸ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಕೊನೆಯ ಮಾತು ಬಯಾಪ್ಸಿಯದೇ.